ಗೊಂದಲ ಎಂಬ ಒಂದೇ ಖಾತೆ

ಯಾವ ಕಂಪನಿಯ ಲೆಕ್ಕಪತ್ರ ನೋಡಲು ಕುಳಿತರೂ ನಾನು ಬೇಗ ತೆರೆಯುವುದು ‘ಇತರೆ ಖರ್ಚು’ ಎಂಬ ಖಾತೆಯನ್ನು. ಅದು ದಪ್ಪಗಿದ್ದರೆ ಕಳ್ಳತನ ಆಗಿದೆ ಎಂದೇನೂ ಅಲ್ಲ. ಬರೆಯುವವರು ಯೋಚಿಸುವ ಗೋಜಿಗೆ ಹೋಗಿಲ್ಲ ಎಂದಷ್ಟೇ. ಟ್ಯಾಕ್ಸಿ ಬಾಡಿಗೆ, ದೀಪಾವಳಿಯ ಸಿಹಿ, ಸರ್ಕಾರಕ್ಕೆ ಕಟ್ಟಿದ ದಂಡ, ಒಡೆದ ಗಾಜು, ಎಲ್ಲವೂ ಅಲ್ಲಿಗೆ ಬಂದು ಬೀಳುತ್ತವೆ. ಈಚಿನ ಕನ್ನಡ ಬರವಣಿಗೆಯಲ್ಲಿ ‘ಗೊಂದಲ’ ಎಂಬ ಪದ ಹೀಗೆ ದಪ್ಪಗಾಗಿದೆ. ಮತದಾರರ ಪಟ್ಟಿಯಲ್ಲಿ ಗೊಂದಲ, ಸೀಟು ಹಂಚಿಕೆಯಲ್ಲಿ ಗೊಂದಲ, ಪರೀಕ್ಷೆಯ ದಿನಾಂಕದ ಬಗ್ಗೆ ಗೊಂದಲ, ಕಥಾನಾಯಕನ ಮನಸ್ಸಿನಲ್ಲಿ ಗೊಂದಲ. ಮೊದಲನೆಯದು ತಪ್ಪು, ಎರಡನೆಯದು ಜಗಳ, ಮೂರನೆಯದು ಮಾಹಿತಿಯ ಕೊರತೆ, ನಾಲ್ಕನೆಯದು ಸಂಕಟ. ನಾಲ್ಕಕ್ಕೂ ಒಂದೇ ತಲೆಬರಹ.

ಇದರ ಹಿಂದೆ ಇಂಗ್ಲಿಷಿನ ‘ಕನ್‌ಫ್ಯೂಸ್’ ಇದೆ ಎಂಬುದು ಎಲ್ಲರಿಗೂ ಗೊತ್ತು. ಮಾತಿನಲ್ಲಿ ಆ ಪದವನ್ನೇ ಬಳಸುತ್ತೇವೆ, ಬರೆಯುವಾಗ ಅದಕ್ಕೆ ಪಂಚೆ ಉಡಿಸಿ ‘ಗೊಂದಲ’ ಎನ್ನುತ್ತೇವೆ. ಹೊರದೇಶದಲ್ಲಿರುವ ನಮ್ಮಂಥವರು ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ನನ್ನ ದೂರು ಇಂಗ್ಲಿಷ್ ಪದ ಒಳಗೆ ಬಂತೆಂದಲ್ಲ. ಮಲೇಷ್ಯಾದಲ್ಲಿ ಬದುಕುವವನಿಗೆ ಆ ಮಡಿ ಸಾಧ್ಯವೂ ಇಲ್ಲ. ಇಲ್ಲಿ ಒಂದು ವಾಕ್ಯದೊಳಗೆ ನಾಲ್ಕು ಭಾಷೆ ಕುಳಿತು ಚಹಾ ಕುಡಿಯುತ್ತವೆ. ದೂರು ಏನೆಂದರೆ, ಇಂಗ್ಲಿಷ್ ತನ್ನಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡದ್ದನ್ನೂ ನಾವು ಒಂದೇ ಚೀಲಕ್ಕೆ ತುಂಬಿದೆವು, ನಮ್ಮಲ್ಲಿ ಬೇರೆಬೇರೆಯಾಗಿದ್ದದ್ದನ್ನೂ ಅದೇ ಚೀಲಕ್ಕೆ ಹಾಕಿದೆವು. ಕೆಲವು ಜಾಗಗಳಲ್ಲಿ ಇದರಿಂದ ನಷ್ಟವಾಗುತ್ತದೆ. ಆ ಜಾಗಗಳ ಬಗ್ಗೆಯೇ ಈ ಬರಹ.

ಮೊದಲು ಇಂಗ್ಲಿಷಿನ ಕಪಾಟು ತೆರೆಯೋಣ. ‘ಬಿವಿಲ್ಡರ್’ ಪದದ ಒಳಗೆ ಕಾಡಿದೆ: ದಾರಿ ಗೊತ್ತಿಲ್ಲದ ಕಾಡಿನಲ್ಲಿ ಬಿಟ್ಟಂತೆ ಆಗುವುದು. ‘ಪರ್‌ಪ್ಲೆಕ್ಸ್’ನ ಲ್ಯಾಟಿನ್ ಬೇರಿನಲ್ಲಿ ಹೆಣೆಯುವ ಕೆಲಸವಿದೆ. ನೂಲು ಸಿಕ್ಕುಬಿದ್ದು ತುದಿ ಸಿಗದ ಸ್ಥಿತಿ, ನಮ್ಮ ‘ಗೋಜಲು’. ‘ಮಡಲ್’ ಎಂಬುದು ಕೆಸರಿನಿಂದ ಬಂದದ್ದು, ಕಲಕಿದ ನೀರು. ‘ಅಮೇಜ್’ ಎಂಬುದಕ್ಕೆ ಇವತ್ತು ಬೆರಗು ಎಂಬ ಅರ್ಥವಿದ್ದರೂ ಹಳೆಯ ಇಂಗ್ಲಿಷಿನಲ್ಲಿ ಅದು ಬುದ್ಧಿ ತಪ್ಪಿಸುವುದೇ ಆಗಿತ್ತು. ಚಕ್ರವ್ಯೂಹದಂಥ ‘ಮೇಜ್’ ಅದರಿಂದ ಹುಟ್ಟಿದ ಪದ. ‘ಬ್ಯಾಫಲ್’ ಎಂದರೆ ಒಂದು ಕಾಲದಲ್ಲಿ ಮಾತಿಗೆ ತಪ್ಪಿದ ಸರದಾರನನ್ನು ಎಲ್ಲರೆದುರು ಅವಮಾನ ಮಾಡುವುದು. ನನಗೆ, ವೃತ್ತಿಯ ಕಾರಣಕ್ಕೋ ಏನೋ, ಬಹಳ ಪ್ರಿಯವಾದದ್ದು ‘ನಾನ್‌ಪ್ಲಸ್’. ಲ್ಯಾಟಿನ್‌ನಲ್ಲಿ ಅದರರ್ಥ ‘ಇನ್ನು ಹೆಚ್ಚಿಲ್ಲ’. ಹೇಳಲು ಇನ್ನೇನೂ ಇಲ್ಲ, ಖಾತೆ ಖಾಲಿ. ಆದರೆ ಅಮೆರಿಕದಲ್ಲಿ ಈಗ ಅನೇಕರು ಅದನ್ನು ‘ಏನೂ ಅಲುಗಾಡಲಿಲ್ಲ, ತಣ್ಣಗಿದ್ದ’ ಎಂಬ ಅರ್ಥಕ್ಕೆ ತಿರುಗಿಸಿದ್ದಾರೆ. ಲಂಡನ್ನಿನವರು ಬರೆದ ಪತ್ರವನ್ನು ಟೆಕ್ಸಸ್‌ನವರು ತದ್ವಿರುದ್ಧವಾಗಿ ಓದಬಹುದು. ಪತನ ನಮ್ಮ ಭಾಷೆಯ ಪದಗಳಿಗೆ ಮಾತ್ರ ಆಗುವುದೆಂದು ಅಳುವವರು ಇದನ್ನು ನೆನಪಿಡಬೇಕು.

ಇಷ್ಟೆಲ್ಲ ಬೇರೆಬೇರೆ ಚಿತ್ರಗಳಿದ್ದರೂ ಇಂಗ್ಲಿಷಿನಲ್ಲಿ ಇವೆಲ್ಲ ವಾಕ್ಯಕ್ಕೆ ಬರುವಾಗ ಒಂದೇ ವೇಷ ಹಾಕುತ್ತವೆ: ಕನ್‌ಫ್ಯೂಸ್ಡ್, ಬಿವಿಲ್ಡರ್ಡ್, ಪರ್‌ಪ್ಲೆಕ್ಸ್ಡ್, ಬ್ಯಾಫಲ್ಡ್. ಎಲ್ಲದರ ಬಾಲದಲ್ಲೂ ಒಂದು ‘ಡ್’. ಯಾರೋ ಏನೋ ಮಾಡಿದರು, ಇವನು ಅದನ್ನು ಅನುಭವಿಸಿದ. ಮಾಡಿದವರು ವಾಕ್ಯದಿಂದ ಮಾಯವಾದರು, ಅನುಭವಿಸಿದವನ ಮೇಲೆ ಚೀಟಿ ಉಳಿಯಿತು. ಇನ್ನೂ ಸ್ವಾರಸ್ಯವೆಂದರೆ ‘ಕನ್‌ಫ್ಯೂಸ್ಡ್’ ಎಂಬ ವಿಶೇಷಣವೇ ಇಂಗ್ಲಿಷಿಗೆ ಮೊದಲು ಬಂದದ್ದು. ‘ಕನ್‌ಫ್ಯೂಸ್’ ಎಂಬ ಕ್ರಿಯಾಪದವನ್ನು ಆಮೇಲೆ ಅದರಿಂದ ಹಿಂದಕ್ಕೆ ಎಳೆದು ಮಾಡಿಕೊಂಡರು. ಚೀಟಿ ಮೊದಲು, ಕೃತ್ಯ ಆಮೇಲೆ.

ಕನ್ನಡ ಹಾಗೆ ಹೇಳುವುದಿಲ್ಲ. ಹೇಳುತ್ತಿರಲಿಲ್ಲ ಎನ್ನಬೇಕೇನೋ. ‘ನನಗೆ ಏನೂ ತೋಚಲಿಲ್ಲ’, ‘ದಿಕ್ಕು ತೋಚಲಿಲ್ಲ’, ‘ತಲೆ ಓಡಲಿಲ್ಲ’, ‘ಕೈಕಾಲೇ ಆಡಲಿಲ್ಲ’. ಇಲ್ಲೆಲ್ಲ ‘ನಾನು’ ಎಂಬುದು ಪಕ್ಕಕ್ಕೆ ಸರಿದು ‘ನನಗೆ’ ಆಗಿದೆ. ತೋಚಬೇಕಾದದ್ದು ತೋಚಲಿಲ್ಲ, ಓಡಬೇಕಾದದ್ದು ಓಡಲಿಲ್ಲ. ನಾನು ನನ್ನ ಪಾಡಿಗೆ ಇಡಿಯಾಗಿಯೇ ಇದ್ದೇನೆ. ನಾಳೆ ಬೆಳಿಗ್ಗೆ ತೋಚಿದರೆ ಮುಗಿಯಿತು. ‘ನನಗೆ ಕನ್‌ಫ್ಯೂಸ್ ಆಯ್ತು’ ಎನ್ನುವವರ ಬಾಯಲ್ಲಿ ಇಂಗ್ಲಿಷ್ ಪದ ಬಂದರೂ ವ್ಯಾಕರಣ ಮಾತ್ರ ಅಜ್ಜಿಯದೇ. ಈಗಿನ ‘ನಾನು ಫುಲ್ ಕನ್‌ಫ್ಯೂಸ್ಡ್’ ಮತ್ತು ಅದರ ಗ್ರಂಥಸ್ಥ ರೂಪವಾದ ‘ನಾನು ಗೊಂದಲಕ್ಕೊಳಗಾಗಿದ್ದೇನೆ’ ಎಂಬಲ್ಲಿ ಪದಕ್ಕಿಂತ ಹೆಚ್ಚಿನದು ಬದಲಾಗಿದೆ. ಎರಡನೆಯ ವಾಕ್ಯದಲ್ಲಿ ಒಂದೂ ಇಂಗ್ಲಿಷ್ ಪದವಿಲ್ಲ. ಆದರೂ ಅದೇ ಹೆಚ್ಚು ಇಂಗ್ಲಿಷ್ ಎಂದು ನನ್ನ ಅಭಿಪ್ರಾಯ.

ಹಾಗೆಂದು ಕನ್ನಡ ಕರುಣಾಮಯಿ, ಇಂಗ್ಲಿಷ್ ಕಟುಕ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ಬೇಡ. ಬೆಪ್ಪ, ಪೆದ್ದ, ಮಂಕುದಿಣ್ಣೆ, ತಲೆಕೆಟ್ಟವನು ಎಂದು ಕರೆಯುವಾಗ ನಮ್ಮವರೂ ಚೀಟಿಯನ್ನು ಹಣೆಗೇ ಅಂಟಿಸುತ್ತಾರೆ, ಅದೂ ಗಟ್ಟಿ ಅಂಟಿನಿಂದ. ವ್ಯತ್ಯಾಸವಿಷ್ಟೇ: ತನ್ನ ಬಗ್ಗೆ ಹೇಳಿಕೊಳ್ಳುವಾಗ ಕನ್ನಡ ಒಂದು ದಾರಿ ಬಿಟ್ಟಿದೆ, ಇನ್ನೊಬ್ಬರನ್ನು ಬಯ್ಯುವಾಗ ಬಿಟ್ಟಿಲ್ಲ.

‘ಕನ್‌ಫ್ಯೂಸ್’ನ ಮೂಲಾರ್ಥ ಒಟ್ಟಿಗೆ ಸುರಿಯುವುದು. ಎರಡು ಪಾತ್ರೆಯದ್ದನ್ನು ಒಂದಕ್ಕೆ ಹೊಯ್ದರೆ ಯಾವುದು ಯಾವುದೆಂದು ತಿಳಿಯದು. ಕೌಲಾಲಂಪುರದಲ್ಲಿ ಬದುಕುವವನಿಗೆ ಈ ಅಡುಗೆಮನೆಯ ಅರ್ಥ ದಿನವೂ ಕಿವಿಗೆ ಬೀಳುತ್ತದೆ. ಮಲಯ ಭಾಷೆಯಲ್ಲಿ ‘ಕಚಾವ್’ ಎಂದರೆ ಸೌಟು ಹಾಕಿ ಕದಡುವುದು. ಹಬ್ಬಕ್ಕೆ ದೊಡ್ಡ ಬಾಣಲೆಯಲ್ಲಿ ದೊಡೋಲ್ ಎಂಬ ಸಿಹಿ ಕಾಯಿಸುವಾಗ ಮಾಡುವುದು ಅದನ್ನೇ. ಸುಮ್ಮನಿದ್ದವರನ್ನು ಪೀಡಿಸುವುದು, ವ್ಯವಸ್ಥೆ ಕೆಡುವುದು ಕೂಡ ‘ಕಚಾವ್’. ಬ್ರಿಕ್‌ಫೀಲ್ಡ್ಸ್‌ನ ತಮಿಳರ ಹೋಟೆಲಿನಲ್ಲಿ ಅನ್ನದ ಮೇಲೆ ಹಾಕುವ ‘ಕುಳಂಬು’ ಎಂಬ ಪದವೇ ಕ್ರಿಯಾಪದವಾದಾಗ ಬುದ್ಧಿ ಕಲಕಿಹೋಗುವುದು ಎಂದಾಗುತ್ತದೆ; ತಮಿಳಿನ ‘ಕುಳಪ್ಪಂ’ ಅಲ್ಲಿಯದೇ. ನಮ್ಮ ‘ಕಲಸುಮೇಲೋಗರ’ವೂ ಇದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂರಬಲ್ಲದು. ರೋಮ್‌ನಿಂದ ಮಲಕ್ಕಾದವರೆಗೆ ಮನುಷ್ಯರಿಗೆ ಬುದ್ಧಿಯ ಕೆಡುಕು ಸಾರಿನ ಪಾತ್ರೆಯಂತೆಯೇ ಕಂಡಿದೆ. ಕನ್‌ಫ್ಯೂಸ್ ಎಂಬುದಕ್ಕೆ ಈ ಬಗೆಯಲ್ಲಿ ಕನ್ನಡದ ನೇರ ಸಂಬಂಧಿ ಕಲಸುಮೇಲೋಗರವೇ ಹೊರತು ಗೊಂದಲವಲ್ಲ.

ಗೊಂದಲಕ್ಕೆ ಬೇರೆಯೇ ವಂಶಾವಳಿ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಬೇಕಿಲ್ಲ. ಗೊಂದಲ ಎಂದರೆ ಗೊಂದಲಿಗರು ಅಂಬಾಭವಾನಿಯ ಹೆಸರಿನಲ್ಲಿ ಮದುವೆಯಂಥ ಶುಭಕಾರ್ಯದ ಮನೆಯಲ್ಲಿ ರಾತ್ರಿಯಿಡೀ ನಡೆಸುವ ಆಚರಣೆ. ದೀವಟಿಗೆ ಉರಿಯುತ್ತದೆ, ಸಂಬಾಳ ಬಡಿಯುತ್ತದೆ, ಹಾಡು, ಕಥೆ, ಕುಣಿತ. ಮರಾಠಿಯಲ್ಲೂ ಆ ಆಚರಣೆಗೂ ಗದ್ದಲಕ್ಕೂ ಒಂದೇ ಪದ. ಹೊರಗೆ ನಿಂತು ಕೇಳಿದವನಿಗೆ ಅದು ಬರೀ ಸದ್ದು. ಒಳಗೆ ಕುಳಿತವನಿಗೆ ಅಲ್ಲಿ ಕ್ರಮವಿದೆ, ಯಾವ ದೇವರನ್ನು ಯಾವಾಗ ಕರೆಯಬೇಕೆಂಬ ಲೆಕ್ಕವಿದೆ. ಒಂದು ಸಮುದಾಯದ ಪೂಜೆಯ ಹೆಸರು ಉಳಿದವರ ಬಾಯಲ್ಲಿ ಅವ್ಯವಸ್ಥೆಯ ಹೆಸರಾದದ್ದು ಹೇಗೆ ಎಂದು ಯೋಚಿಸಿದರೆ ಆ ಪದವನ್ನು ಇಷ್ಟು ಸಲೀಸಾಗಿ ಬಳಸಲು ಸ್ವಲ್ಪ ಮುಜುಗರವಾಗುತ್ತದೆ. ಮುಖ್ಯವಾಗಿ, ಗೊಂದಲ ಹಲವರು ಸೇರಿದಾಗ ಆಗುವಂಥದ್ದು. ಒಬ್ಬಂಟಿ ಮುದುಕಿಯೊಬ್ಬಳು ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಬಾಗಿಲು ಎಲ್ಲಿದೆ ಎಂದು ಹುಡುಕುವುದು ಗೊಂದಲವಲ್ಲ. ಅದಕ್ಕೆ ಬೇರೆ ಪದ ಬೇಕು, ಬೇರೆ ಪದ ಇತ್ತು.

ಆ ಪದ ದಿಗ್ಭ್ರಮೆ. ದಿಕ್ಕು ತಪ್ಪಿದ ಭ್ರಮೆ. ಇಂಗ್ಲಿಷಿನ ‘ಡಿಸ್‌ಓರಿಯೆಂಟೆಡ್’ ಎಂಬುದರಲ್ಲಿ ಅಡಗಿರುವ ‘ಓರಿಯೆಂಟ್’ ಎಂದರೆ ಪೂರ್ವ. ಪೂರ್ವ ಯಾವುದೆಂದು ತಿಳಿಯದವನು ಎಂದೇ ಅದರ ಅರ್ಥ. ಎರಡು ಭಾಷೆಗಳು ಇಷ್ಟು ನಿಖರವಾಗಿ ಒಂದೇ ಚಿತ್ರ ಬಿಡಿಸಿದ್ದು ಅಪರೂಪ. (ಮಲೇಷ್ಯಾದ ಹೋಟೆಲ್ ಕೋಣೆಗಳ ಮಾಳಿಗೆಯಲ್ಲೋ ಮೇಜಿನ ಖಾನೆಯಲ್ಲೋ ‘ಕಿಬ್ಲತ್’ ಎಂದು ಬರೆದ ಬಾಣದ ಗುರುತು ಇರುತ್ತದೆ, ಮೆಕ್ಕಾದ ದಿಕ್ಕು. ಯಾವ ಊರಿನಲ್ಲಿ ಎಚ್ಚರವಾಯಿತೆಂದು ನೆನಪಾಗದ ಬೆಳಗುಗಳಲ್ಲಿ, ನಮಾಜು ಮಾಡದ ನನಗೂ ಆ ಬಾಣ ಉಪಕಾರ ಮಾಡಿದೆ.) ಆದರೆ ನಮ್ಮ ಪತ್ರಿಕೆಗಳಲ್ಲಿ ದಿಗ್ಭ್ರಮೆ ಈಗ ‘ವ್ಯಕ್ತಪಡಿಸುವ’ ವಸ್ತು. ಸಚಿವರು ಘಟನೆಗೆ ದಿಗ್ಭ್ರಮೆ ವ್ಯಕ್ತಪಡಿಸಿದರು ಎನ್ನುತ್ತಾರೆ. ದಿಕ್ಕು ತಪ್ಪಿದವನು ಮೈಕಿನ ಮುಂದೆ ನಿಂತು ಅದನ್ನು ವ್ಯಕ್ತಪಡಿಸಲಾರ. ಆಘಾತ, ಖೇದ ಎನ್ನಬೇಕಾದಲ್ಲೆಲ್ಲ ಈ ಪದವನ್ನು ಖರ್ಚು ಮಾಡಿ, ನಿಜವಾಗಿ ಬೇಕಾದಾಗ ಕೈಯಲ್ಲಿ ಇಲ್ಲದಂತೆ ಮಾಡಿಕೊಂಡಿದ್ದೇವೆ.

ಬೇಕಾಗುವುದು ಎಲ್ಲಿ ಎಂದರೆ ಆಸ್ಪತ್ರೆಯಲ್ಲಿ. ನನ್ನ ಸ್ನೇಹಿತರೊಬ್ಬರ ತಾಯಿ, ಎಪ್ಪತ್ತೆಂಟು ವರ್ಷದವರು, ತೀರ್ಥಹಳ್ಳಿಯ ಕಡೆಯಿಂದ ಮಗನ ಮನೆಗೆ ಬಂದವರು, ಇಲ್ಲಿ ಮೂತ್ರದ ಸೋಂಕಿನಿಂದ ಜ್ವರ ಬಂದು ಆಸ್ಪತ್ರೆ ಸೇರಿದರು. ಬೆಳಿಗ್ಗೆ ನರ್ಸ್ ಬಂದು ಇವತ್ತು ಯಾವ ದಿನ ಎಂದು ಕೇಳಿದಾಗ, ಮಗ ಅದನ್ನು ಕನ್ನಡದಲ್ಲಿ ಕೇಳಿ, ಅವರು ‘ಏಕಾದಶಿ’ ಎಂದರು. ಈಗ ಎಲ್ಲಿದ್ದೀರಿ ಎಂದರೆ ‘ಇವನ ಮನೆ ಹತ್ತಿರದ ಆಸ್ಪತ್ರೆ’ ಎಂದರು. ಎರಡೂ ಸರಿಯಾದ ಉತ್ತರಗಳೇ. ನರ್ಸ್ ಕೈಯಲ್ಲಿದ್ದ ಹಾಳೆಯಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಅದೇ ರಾತ್ರಿ ಅವರು ತೀರಿಕೊಂಡ ತಮ್ಮ ಅಕ್ಕನ ಜೊತೆ ಮಾತಾಡತೊಡಗಿದರು, ಹಸು ಬಿಚ್ಚಿಕೊಂಡು ಹೋಗಿದೆ ಎಂದು ಹಾಸಿಗೆಯಿಂದ ಇಳಿಯಲು ನೋಡಿದರು. ಹಾಳೆಯ ಮೇಲೆ ಬೆಳಗಿನದಕ್ಕೂ ರಾತ್ರಿಯದಕ್ಕೂ ಒಂದೇ ಪದ ಬಿತ್ತು: ಕನ್‌ಫ್ಯೂಸ್ಡ್.

ಆ ಹಾಳೆಗೂ ಒಂದು ಚರಿತ್ರೆ ಇದೆ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೋಗಿಯ ಪ್ರಜ್ಞೆಯ ಮಟ್ಟ ಅಳೆಯಲು ಒಂದು ಮಾಪನ ಮಾಡಿದರು. ತಲೆಗೆ ಪೆಟ್ಟು ಬಿದ್ದವರ ಸ್ಥಿತಿ ಗಂಟೆಗಂಟೆಗೆ ಹೇಗಿದೆ ಎಂದು ಬೇರೆಬೇರೆ ಪಾಳಿಯ ಸಿಬ್ಬಂದಿ ಒಂದೇ ರೀತಿ ಬರೆದಿಡಲು ಅದು ಸಹಾಯಕವಾಗಿದ್ದರಿಂದ ಜಗತ್ತಿನ ಎಲ್ಲೆಡೆ ಹರಡಿತು. ಮಾತಿನ ಭಾಗದಲ್ಲಿ ಐದು ಅಂಕ. ದಿಕ್ಕು, ಕಾಲ, ಜನ ತಿಳಿದಿದ್ದರೆ ಐದು. ‘ಕನ್‌ಫ್ಯೂಸ್ಡ್’ ಆಗಿದ್ದರೆ ನಾಲ್ಕು. ಮಾತೇ ಇಲ್ಲದಿದ್ದರೆ ಒಂದು. ಅಂಕಗಳಿಂದ ಬದುಕುವ ನನಗೆ ಈ ಪದ್ಧತಿಯ ಮೇಲೆ ಗೌರವವಿದೆ. ಆದರೆ ಯಾವ ತಪಶೀಲಿನ ಪಟ್ಟಿಯಲ್ಲೂ ಅಂಕ ಎಷ್ಟು ಒಳ್ಳೆಯದೋ ಅದರ ಪಕ್ಕದ ವಿವರಣೆಯೂ ಅಷ್ಟೇ ಮುಖ್ಯ. ಆ ವಿವರಣೆಯನ್ನು ಕೊಡಬೇಕಾದವರು ಮನೆಯವರು.

ವೈದ್ಯರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: ಇವರು ಮೊದಲಿನಿಂದಲೂ ಹೀಗೆಯೋ, ಈಗ ಹೀಗಾದದ್ದೋ? ಜ್ವರದಲ್ಲೋ ಸೋಂಕಿನಲ್ಲೋ ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಬರುವ ಬುದ್ಧಿಯ ಏರುಪೇರು ಬೇರೆ. ಅದು ರಾತ್ರಿ ಹೆಚ್ಚುತ್ತದೆ, ಹಗಲು ಇಳಿಯುತ್ತದೆ, ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ವರ್ಷಗಟ್ಟಲೆ ನಿಧಾನವಾಗಿ ನೆನಪು ಸವೆಯುವುದು ಬೇರೆ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಸುಮ್ಮನಿದ್ದರೆ ಜೀವಕ್ಕೇ ಅಪಾಯ. ಸ್ನೇಹಿತರು ತಾಯಿಯನ್ನೇ ಕೇಳಿದರು, ‘ಅಮ್ಮ, ನಿಂಗೆ ಗೊಂದಲ ಏನಾದ್ರೂ ಆಗ್ತಿದೆಯಾ?’ ಅವರು, ‘ನಂಗೆಂಥಾ ಗೊಂದಲ? ನೀವು ನೀವು ಜಗಳ ಮಾಡ್ಕೊಳ್ದಿದ್ರೆ ಸಾಕು’ ಎಂದರು. ಊರಿನ ಪದಾರ್ಥದಲ್ಲಿ ನೋಡಿದರೆ ಅದು ಬಹಳ ಸ್ಪಷ್ಟವಾದ ಉತ್ತರ. ಕೊನೆಗೆ ಫೋನಿನಲ್ಲಿ ಊರಿನಿಂದ ಅವರ ಅತ್ತಿಗೆ ಹೇಳಿದ ಮಾತು ಕೆಲಸಕ್ಕೆ ಬಂತು: ‘ಅರಳುಮರಳಲ್ಲ ಮಾರಾಯ, ಮೊನ್ನೆವರೆಗೆ ನನ್ನ ಹತ್ರ ಹಾಲಿನ ಲೆಕ್ಕ ಪೈಸೆ ಬಿಡದೆ ಹೇಳಿದಾರೆ. ಇದು ಜ್ವರದ ಸನ್ನಿ.’ ಮಗ ಅದನ್ನು ಇಂಗ್ಲಿಷಿನಲ್ಲಿ ವೈದ್ಯರಿಗೆ ಹೇಳಿದರು. ಅರಳುಮರಳು, ಸನ್ನಿ: ವೈದ್ಯರಿಗೆ ಬೇಕಾಗಿದ್ದ ವಿಂಗಡಣೆ ಎರಡು ಹಳೆಯ ಪದಗಳಲ್ಲಿ ಮಡಿಚಿಟ್ಟಂತೆ ಇತ್ತು. ಅವರು ಹತ್ತು ದಿನಕ್ಕೆ ಚೇತರಿಸಿಕೊಂಡು ಮನೆಗೆ ಬಂದು, ಆಸ್ಪತ್ರೆಯ ಗಂಜಿಗೆ ಉಪ್ಪಿರಲಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡರು.

ಅರಳುಮರಳು ಎಂದಾಗ ಬೇಂದ್ರೆಯವರನ್ನು ಬಿಟ್ಟು ಮುಂದೆ ಹೋಗಲಾಗದು. ಅರವತ್ತು ದಾಟಿದವರನ್ನು ಲೇವಡಿ ಮಾಡುವ ಈ ಪದವನ್ನು, 1896ರಲ್ಲಿ ಹುಟ್ಟಿದ ಅವರು ತಮಗೆ ಅರವತ್ತಾಗುವ ಹೊತ್ತಿಗೆ ಕವನಸಂಗ್ರಹದ ಹೆಸರಾಗಿ ಎತ್ತಿಕೊಂಡರು. 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಅರಳು ಮರಳು’ ಸಂಗ್ರಹಕ್ಕೆ. ಪದವನ್ನು ಎರಡಾಗಿ ಬಿಡಿಸಿದರೆ ಅರಳುವುದೂ ಮರಳಿ ಬರುವುದೂ ಅಲ್ಲಿಯೇ ಇವೆ. ಬಯ್ಗುಳದ ಒಳಗೆ ಹೂವು ಕಂಡದ್ದು ಕವಿಯ ಕಣ್ಣು. ಆದರೆ ಹಾಗೆ ಬಿಡಿಸಿಕೊಳ್ಳಲು ಅವಕಾಶ ಇಟ್ಟುಕೊಂಡಿದ್ದ ಪದ ಅದು ಎಂಬುದೂ ನಿಜ. ‘ಗೊಂದಲಕ್ಕೊಳಗಾಗು’ ಎಂಬುದನ್ನು ಯಾವ ಬೇಂದ್ರೆ ಬಂದರೂ ಬಿಡಿಸಲಾರರು.

ಇನ್ನೊಂದು ಜಾಗ ನ್ಯಾಯಾಲಯ. ಕೌಲಾಲಂಪುರದ ಜಾಲನ್ ಈಪೋದಲ್ಲಿ 1999ರಲ್ಲಿ ‘ಮೆಕ್‌ಕರಿ’ ಎಂಬ ಭಾರತೀಯ ಊಟದ ಹೋಟೆಲು ಶುರುವಾಯಿತು. ಮಲೇಷಿಯನ್ ಚಿಕನ್ ಕರಿ ಎಂಬುದರ ಸಂಕ್ಷೇಪ ಅದು ಎಂದು ಮಾಲೀಕರ ವಾದ. ಮೆಕ್‌ಡೊನಾಲ್ಡ್ಸ್ 2001ರಲ್ಲಿ ಕೋರ್ಟಿಗೆ ಹೋಯಿತು. 2006ರಲ್ಲಿ ಹೈಕೋರ್ಟು ಮೆಕ್‌ಡೊನಾಲ್ಡ್ಸ್ ಪರ ಹೇಳಿತು. 2009ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು, ಅದೇ ಸೆಪ್ಟೆಂಬರ್‌ನಲ್ಲಿ ಫೆಡರಲ್ ಕೋರ್ಟು ಅಲ್ಲಿಗೆ ಮುಗಿಸಿತು. ‘ಮೆಕ್’ ಎಂಬ ಎರಡಕ್ಷರದ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ ಎಂಬುದು ಒಟ್ಟು ಫಲ. ಮೀನಿನ ತಲೆಯ ಕರಿ ಬಡಿಸುವ ಹೋಟೆಲಿಗೆ ಬರ್ಗರ್ ತಿನ್ನಲು ಯಾರೂ ತಪ್ಪಿ ಬರುವುದಿಲ್ಲ ಎಂಬುದು ಊಟ ಮಾಡುವವರಿಗೆಲ್ಲ ತಿಳಿದದ್ದೇ. ನ್ಯಾಯಕ್ಕೆ ಎಂಟು ವರ್ಷ ಹಿಡಿಯಿತು.

ಇಂಥ ವ್ಯಾಜ್ಯಗಳಲ್ಲಿ ಮತ್ತೆಮತ್ತೆ ಬರುವ ಪ್ರಶ್ನೆ ಗಿರಾಕಿ ‘ಕನ್‌ಫ್ಯೂಸ್’ ಆಗುತ್ತಾನೆಯೇ ಎಂಬುದು. ಇದನ್ನು ಕನ್ನಡದಲ್ಲಿ ‘ಗಿರಾಕಿಗೆ ಗೊಂದಲವಾಗುತ್ತದೆಯೇ’ ಎಂದು ಬರೆದರೆ ಪ್ರಶ್ನೆಯೇ ತಪ್ಪಿಹೋಗುತ್ತದೆ. ಹೋಟೆಲಿನ ಮುಂದೆ ನಿಂತು ಇದು ಅದೋ ಅಲ್ಲವೋ ಎಂದು ತಲೆ ಕೆರೆದುಕೊಳ್ಳುವವನೂ ಇದ್ದಾನೆ. ಯಾವ ಅನುಮಾನವೂ ಇಲ್ಲದೆ ಇದೇ ಅದು ಎಂದುಕೊಂಡು ಒಳಗೆ ನುಗ್ಗುವವನೂ ಇದ್ದಾನೆ. ಗಲಿಬಿಲಿ ಇರುವುದು ಮೊದಲಿನವನಿಗೆ, ಮೋಸಹೋಗುವವನು ಎರಡನೆಯವನು. ಇಂಗ್ಲಿಷಿನ ಕನ್‌ಫ್ಯೂಸ್ ಎರಡನ್ನೂ ತನ್ನಲ್ಲೇ ಇಟ್ಟುಕೊಂಡಿದೆ. ನಮ್ಮ ಹೈಸ್ಕೂಲಿನ ಅಲಂಕಾರಶಾಸ್ತ್ರ ಇಟ್ಟುಕೊಂಡಿಲ್ಲ. ಇದು ಮುಖವೋ ಕಮಲವೋ ಎಂದು ಕೇಳಿದರೆ ಸಂದೇಹಾಲಂಕಾರ. ಕಮಲವೆಂದೇ ನಂಬಿ ದುಂಬಿ ಮುಖಕ್ಕೆ ಎರಗಿದರೆ ಭ್ರಾಂತಿಮದಲಂಕಾರ. ನಾಲ್ಕು ಅಂಕಕ್ಕೆಂದು ಬಾಯಿಪಾಠ ಮಾಡಿದ ಈ ಭೇದ ವ್ಯಾಪಾರಚಿಹ್ನೆಯ ಕಾನೂನಿನ ಹೃದಯದಲ್ಲಿ ಕುಳಿತಿದೆ ಎಂದು ಆಗ ಯಾವ ಮೇಷ್ಟ್ರೂ ಹೇಳಲಿಲ್ಲ. ಸಂದೇಹ, ಭ್ರಾಂತಿ ಎರಡೂ ಇವತ್ತಿಗೂ ಎಲ್ಲರಿಗೂ ತಿಳಿಯುವ ಪದಗಳು. ಕಾನೂನಿನ ಕನ್ನಡ ಅನುವಾದಕರು ಅವನ್ನು ಬಿಟ್ಟುಕೊಡುವುದಕ್ಕೆ ಕಾರಣವೇ ಇಲ್ಲ.

ಮನಸ್ಸಿನ ವಿಷಯಕ್ಕೆ ಇಂಗ್ಲಿಷ್ ಈ ನೆಲದಿಂದ ಏನು ತೆಗೆದುಕೊಂಡಿತು ಎಂಬುದನ್ನೂ ನೋಡಬೇಕು. ಮಲಯ ಭಾಷೆಯಲ್ಲಿ ದಿನಬಳಕೆಯ ತಬ್ಬಿಬ್ಬಿಗೆ ‘ಬಿಂಗುಂಗ್’ ಇದೆ, ಒಂದನ್ನು ಇನ್ನೊಂದೆಂದು ತಪ್ಪು ತಿಳಿಯುವುದಕ್ಕೆ ‘ಕೆಲಿರು’ ಇದೆ, ತಲೆ ಸುತ್ತಿದಂತಾಗುವುದಕ್ಕೆ ‘ಪೆನಿಂಗ್’ ಇದೆ. ಇವು ಯಾವುವೂ ಇಂಗ್ಲಿಷಿಗೆ ಬೇಕಾಗಲಿಲ್ಲ. ಬೇಕಾದದ್ದು ‘ಅಮೋಕ್’: ಮನುಷ್ಯನೊಬ್ಬ ಇದ್ದಕ್ಕಿದ್ದಂತೆ ಆಯುಧ ಹಿಡಿದು ಎದುರು ಸಿಕ್ಕವರನ್ನೆಲ್ಲ ಕಡಿಯುವ ಉನ್ಮಾದ. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಅದಕ್ಕೆ ಉದ್ದದ ಟಿಪ್ಪಣಿ ಬರೆದು ಮಲಬಾರಿನ ತನಕ ಬೇರು ಹುಡುಕಿತು. ಅದರ ಇಬ್ಬರು ಸಂಪಾದಕರಲ್ಲಿ ಒಬ್ಬರಾದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು ತುಳುನಾಡಿನ ಭೂತಾರಾಧನೆಯ ಬಗ್ಗೆ ಸಾಮಗ್ರಿ ಸಂಗ್ರಹಿಸಿದವರು. 1893ರಲ್ಲಿ ಸಿಂಗಪುರದ ಹುಚ್ಚಾಸ್ಪತ್ರೆಯ ಮುಖ್ಯಸ್ಥ ಎಲ್ಲಿಸ್ ‘ಮಲಯರ ಅಮೋಕ್’ ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. 1895ರಲ್ಲಿ ಸ್ವೆಟೆನ್‌ಹ್ಯಾಮ್ ತನ್ನ ‘ಮಲಯ್ ಸ್ಕೆಚಸ್’ ಪುಸ್ತಕದಲ್ಲಿ ಅಮೋಕ್‌ಗೆ ಒಂದು ಅಧ್ಯಾಯ, ‘ಲಾತಾ’ಕ್ಕೆ ಇನ್ನೊಂದು ಅಧ್ಯಾಯ ಕೊಟ್ಟ. ಲಾತಾ ಎಂದರೆ ಬೆಚ್ಚಿಬಿದ್ದಾಗ ಕೆಲವರು ಎದುರಿನವರನ್ನು ತಡೆಯಿಲ್ಲದೆ ಅನುಕರಿಸುವುದು, ಆಡಬಾರದ ಮಾತು ಬಾಯಿಗೆ ಬಂದುಬಿಡುವುದು. ಎರಡೂ 1994ರ ಅಮೆರಿಕದ ಮನೋರೋಗ ಕೈಪಿಡಿಯವರೆಗೂ ‘ಸಂಸ್ಕೃತಿಗೆ ಅಂಟಿದ ರೋಗ’ಗಳ ಪಟ್ಟಿಯಲ್ಲಿ ಮುಂದುವರಿದವು. ಬಂದೂಕು ಹಿಡಿದು ಶಾಲೆಗೆ ನುಗ್ಗುವುದು ಯಾವ ಸಂಸ್ಕೃತಿಗೆ ಅಂಟಿದ ರೋಗವೆಂದು ಅದೇ ಪಟ್ಟಿ ಹೇಳುವುದಿಲ್ಲ. ತನ್ನವನ ತಲೆ ಕೆಟ್ಟರೆ ಅದು ವಿಶೇಷಣ, ಪರರದ್ದು ಕೆಟ್ಟರೆ ಅದು ರೋಗದ ಹೆಸರು. ಪದಗಳನ್ನು ಆರಿಸಿಕೊಳ್ಳುವ ಈ ಬಗೆಯಲ್ಲಿ ಆಳುವವರ ಕಣ್ಣು ಕಾಣುತ್ತದೆ.

ಅದಕ್ಕೆ ಉತ್ತರವೋ ಎಂಬಂತೆ ಇಲ್ಲಿಯ ಜನ ಇಂಗ್ಲಿಷಿಗೆ ಒಂದು ಪದ ಕೊಟ್ಟಿದ್ದಾರೆ. ಇಂಗ್ಲಿಷ್ ಪದವನ್ನೇ ತಿರುಗಿಸಿ ಕೊಟ್ಟಿದ್ದಾರೆ ಎನ್ನುವುದು ಸರಿ. ‘ಬ್ಲರ್.’ ಮಲೇಷ್ಯಾ, ಸಿಂಗಪುರದ ಕಚೇರಿಗಳಲ್ಲಿ ಯಾರಿಗಾದರೂ ವಿಷಯ ತಿಳಿಯದಿದ್ದರೆ ‘ಐ ಬ್ಲರ್’ ಎನ್ನುತ್ತಾರೆ. ಬಹಳವೇ ತಿಳಿಯದಿದ್ದರೆ ‘ಬ್ಲರ್ ಲೈಕ್ ಸೊತೊಂಗ್’. ಸೊತೊಂಗ್ ಎಂದರೆ ಮಸಿ ಕಾರುವ ಸಮುದ್ರಜೀವಿ, ಮೀನಂಗಡಿಯಲ್ಲಿ ಸಿಗುವ ಸ್ಕ್ವಿಡ್. ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸಿದರೆ ‘ಆ್ಯಕ್ಟ್ ಬ್ಲರ್’. ಇಂಗ್ಲಿಷ್ ಮೇಷ್ಟ್ರುಗಳಿಗೆ ಇದು ತಪ್ಪು. ‘ಬ್ಲರ್ಡ್’ ಆಗಬೇಕಿತ್ತು, ಅದೂ ಮನುಷ್ಯರಿಗೆ ಹೇಳುವಂತಿಲ್ಲ, ಫೋಟೋಕ್ಕೆ ಹೇಳಬೇಕು. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟು ‘ಬ್ಲರ್’, ‘ಸೊತೊಂಗ್’ ಎರಡನ್ನೂ ಸೇರಿಸಿಕೊಂಡು ಮೇಷ್ಟ್ರುಗಳ ಬಾಯಿ ಮುಚ್ಚಿಸಿತು. ನನ್ನ ಮಟ್ಟಿಗೆ ಇಂಗ್ಲಿಷಿನ ಇಡೀ ಕಪಾಟಿನಲ್ಲಿ ಇದಕ್ಕಿಂತ ಸಭ್ಯವಾದ ಪದವಿಲ್ಲ. ಬಾಲದ ‘ಡ್’ ಉದುರಿದೆ. ಯಾರೂ ಯಾರಿಗೂ ಏನೂ ಮಾಡಿಲ್ಲ. ಚಿತ್ರ ಸದ್ಯಕ್ಕೆ ಮಸುಕಾಗಿದೆ, ಸ್ವಲ್ಪ ತಿರುಗಿಸಿದರೆ ಸರಿಹೋದೀತು.

ಇದಕ್ಕೆ ಕನ್ನಡದಲ್ಲಿ ಸಮನಾದದ್ದು ಹುಡುಕಬೇಕಾಗಿಯೇ ಇಲ್ಲ: ಮಂಕು. ಮಂಕು ಎಂದರೆ ಬೆಳಕು ಕಡಿಮೆಯಾದದ್ದು; ದೀಪ ಮಂಕಾಗುತ್ತದೆ, ಮುಖ ಮಂಕಾಗುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಡಿವಿಜಿ 1943ರಲ್ಲಿ ಪ್ರಕಟವಾದ ತಮ್ಮ ಕಗ್ಗದ ಅಂ­ಕಿತವಾಗಿ ಆರಿಸಿಕೊಂಡದ್ದು ಈ ಪದವನ್ನು. ಕನ್ನಡಿಗರು ವಿವೇಕಕ್ಕಾಗಿ ಹೆಚ್ಚು ತೆರೆಯುವ ಪುಸ್ತಕದ ಮುಖಪುಟದಲ್ಲೇ ಮಂಕುತಿಮ್ಮ ಕುಳಿತಿದ್ದಾನೆ. ಆ ಹೆಸರನ್ನು ಇಂಗ್ಲಿಷಿಗೆ ತರುವವರು ಒಮ್ಮೆ ‘ಡಲ್’ ಎನ್ನುತ್ತಾರೆ, ಒಮ್ಮೆ ‘ಫಾಗಿ’ ಎನ್ನುತ್ತಾರೆ. ಡಲ್ ಎಂದರೆ ದಡ್ಡ ಎಂಬ ತೀರ್ಪು ಬಂದುಬಿಡುತ್ತದೆ. ಫಾಗಿ ವಾಸಿ, ಮಂಜು ಕರಗೀತು. ಜಾಲನ್ ಈಪೋದ ಯಾವ ಕಾಪಿ ಅಂಗಡಿಯವನನ್ನು ಕೇಳಿದ್ದರೂ ‘ಬ್ಲರ್ ತಿಮ್ಮ’ ಎಂದು ತಟ್ಟನೆ ಹೇಳುತ್ತಿದ್ದ.

ಮಂಕಿಗೆ ಬೂದಿಯೂ ಇದೆ. ಮಂಕುಬೂದಿ ಎರಚುವುದು ಎಂದರೆ ಮೋಸ ಮಾಡುವುದಷ್ಟೇ ಅಲ್ಲ, ಮೋಸಹೋಗುವವನ ತಿಳಿವನ್ನು ಆ ಗಳಿಗೆಗೆ ಕಿತ್ತುಕೊಳ್ಳುವುದು. ಮಲಯದ ‘ಪುಕಾವ್’ ಇದರ ಅವಳಿ. ಹಿಂದೆ ಕಳ್ಳರು ಮನೆಯವರನ್ನು ಮತ್ತಿಗೆ ಕೆಡವಲು ದತ್ತೂರದಂಥದ್ದನ್ನು ಬಳಸುತ್ತಿದ್ದರಂತೆ. ಆ ಗಿಡಕ್ಕೆ ಕನ್ನಡದಲ್ಲಿ ‘ಉಮ್ಮತ್ತಿ’ ಎಂಬ ಹೆಸರಿರುವುದು ಉನ್ಮತ್ತದಿಂದ. ಈಗ ಪುಡಿ ಬೇಕಿಲ್ಲ, ಫೋನು ಸಾಕು. ಪೊಲೀಸರೆಂದೋ ತೆರಿಗೆ ಅಧಿಕಾರಿಗಳೆಂದೋ ಹೇಳಿ ಗಂಟೆಗಟ್ಟಲೆ ಹೆದರಿಸಿ ಬ್ಯಾಂಕಿನ ಹಣವೆಲ್ಲ ವರ್ಗಾಯಿಸಿಕೊಳ್ಳುವ ವಂಚನೆಗೆ ಇಲ್ಲಿ ‘ಮಕಾವ್ ಸ್ಕ್ಯಾಮ್’ ಎನ್ನುತ್ತಾರೆ. ಇದಕ್ಕೆಂದೇ 2022ರ ಅಕ್ಟೋಬರ್‌ನಲ್ಲಿ 997 ಎಂಬ ಸಹಾಯವಾಣಿ ಶುರುವಾಯಿತು. ಹಣ ಕಳೆದುಕೊಂಡ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಬಳಿ ಕಾಗದಪತ್ರ ಹೊಂದಿಸಿಕೊಳ್ಳಲು ಬಂದಿದ್ದರು. ದೂರಿನ ಇಂಗ್ಲಿಷ್ ಕರಡಿನಲ್ಲಿ ಅವರ ಮಗ ‘ತಾಯಿ ಕನ್‌ಫ್ಯೂಸ್ಡ್ ಆಗಿದ್ದರು’ ಎಂದು ಬರೆದಿದ್ದ. ಆಕೆ ಅದನ್ನು ಓದಿ, ಕನ್ನಡಕ ತೆಗೆದು, ಮಲಯದಲ್ಲಿ ಹೇಳಿದರು: ನಾನು ಮೂವತ್ತು ವರ್ಷ ಗಣಿತ ಕಲಿಸಿದವಳು, ನನಗೆ ಯಾವ ಕನ್‌ಫ್ಯೂಷನ್ನೂ ಇರಲಿಲ್ಲ, ನನಗೆ ಪುಕಾವ್ ಮಾಡಿದರು. ಕರಡು ತಿದ್ದಿದೆವು. ‘ಕನ್‌ಫ್ಯೂಸ್ಡ್’ ಹೊಡೆದುಹಾಕಿ, ಎಷ್ಟು ಗಂಟೆಗೆ ಫೋನ್ ಬಂತು, ಯಾರ ಹೆಸರು ಹೇಳಿದರು, ಯಾವ ಬೆದರಿಕೆಯ ನಂತರ ಯಾವ ಖಾತೆಗೆ ಎಷ್ಟು ಹೋಯಿತು ಎಂದು ಒಂದೊಂದೇ ಸಾಲು ಬರೆದೆವು. ಒಟ್ಟು ಹನ್ನೊಂದು ವರ್ಗಾವಣೆ. ಒಂದೊಂದರ ಮುಂದೆಯೂ ಮಾಡಿಸಿದವನೊಬ್ಬ ಇದ್ದ.